ಬರುತ್ತದೆ, ಬಂದೀತು, ಬರುತ್ತದಂತೆ

ಮೇ, ಜೂನ್ ಎಂದರೆ ನಮ್ಮ ಕಡೆ ಮುಂಗಾರಿಗೆ ಕಾಯುವ ಕಾಲ. ತಂತ್ರಜ್ಞಾನದ ಲೋಕದಲ್ಲಿ ಅದು ಘೋಷಣೆಗಳ ಕಾಲ. ಮೇ ತಿಂಗಳಲ್ಲಿ ಗೂಗಲ್ ತನ್ನ ‘ಐ/ಓ’ ಸಮ್ಮೇಳನ ನಡೆಸುತ್ತದೆ. ಅದರ ಆಸುಪಾಸಿನಲ್ಲೇ ಮೈಕ್ರೋಸಾಫ್ಟ್‌ನ ‘ಬಿಲ್ಡ್’, ಜೂನ್‌ನಲ್ಲಿ ಆಪಲ್‌ನ ‘ಡಬ್ಲ್ಯುಡಬ್ಲ್ಯುಡಿಸಿ’. ಮೂರೂ ಹೆಸರಿಗೆ ಡೆವಲಪರ್‌ಗಳ ಸಮ್ಮೇಳನಗಳು, ಅಂದರೆ ಆಯಾ ಕಂಪನಿಯ ಉಪಕರಣಗಳನ್ನು ಬಳಸಿ ತಂತ್ರಾಂಶ ಬರೆಯುವವರಿಗಾಗಿ ನಡೆಯುವಂಥವು. ಆದರೆ ಅವುಗಳ ಮೊದಲ ಭಾಷಣವನ್ನು ಕೇಳುವವರಲ್ಲಿ ತಂತ್ರಾಂಶ ಬರೆಯದವರೇ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದಾಗ ಪಾಂಡವಪುರದಲ್ಲಿ ರಾತ್ರಿ ಹತ್ತೂವರೆ. ಇಲ್ಲಿನ ಕಾಲೇಜೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವ ನಾನು ಕೆಲವು ವರ್ಷಗಳಿಂದ ಆ ಹೊತ್ತಿಗೆ ಲ್ಯಾಪ್‌ಟಾಪ್ ಮುಂದೆ ಕೂತು ಭಾಷಣ ಕೇಳಿ, ಅಲ್ಲಿ ಏನೇನು ಘೋಷಿಸಿದರೆಂದು ಕನ್ನಡದಲ್ಲಿ ಬರೆಯುತ್ತ ಬಂದಿದ್ದೇನೆ.

ಈ ಕೆಲಸದಲ್ಲಿ ತಾಂತ್ರಿಕ ಪದಗಳು ಅಷ್ಟೇನೂ ಕಾಡುವುದಿಲ್ಲ. ಸರ್ವರ್, ಆಪ್, ಅಪ್‌ಡೇಟ್ ಎಲ್ಲವೂ ಕನ್ನಡವೇ ಆಗಿವೆ. ಕಾಡುವುದು ಕ್ರಿಯಾಪದ. ವೇದಿಕೆಯ ಮೇಲಿನವರು ಇಂಗ್ಲಿಷಿನಲ್ಲಿ ಭವಿಷ್ಯದ ಮಾತಾಡುತ್ತಾರೆ. ನಾನು ಅದನ್ನು ‘ಮಾಡುತ್ತದೆ’ ಎಂದು ಬರೆಯಬೇಕು. ಕನ್ನಡದಲ್ಲಿ ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎನ್ನುವುದಕ್ಕೂ ‘ನಾಳೆ ಅವನು ಮೈಸೂರಿಗೆ ಹೋಗುತ್ತಾನೆ’ ಎನ್ನುವುದಕ್ಕೂ ಒಂದೇ ರೂಪ. ಒಂದು ಎಂದೂ ತಪ್ಪದ್ದು, ಇನ್ನೊಂದು ಬಸ್ಸು ತಪ್ಪಿದರೆ ತಪ್ಪುವಂಥದ್ದು. ದಿನದ ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ‘ನಾಳೆ’ ಎನ್ನುವ ಮಾತು ಅರ್ಥವನ್ನು ಕಾಯುತ್ತದೆ. ಆದರೆ ‘ಈ ತಂತ್ರಾಂಶ ನಿಮ್ಮ ಇಮೇಲ್ ಓದಿ ತಾನೇ ಉತ್ತರ ಬರೆಯುತ್ತದೆ’ ಎಂದು ಬರೆದರೆ, ಓದಿದವರು ಅದು ಈಗಲೇ ಬರೆಯುತ್ತಿದೆ ಎಂದೇ ತಿಳಿಯುತ್ತಾರೆ. ಹೊರಗೆ ಬಂದಿರುವುದಕ್ಕೂ, ಅಮೆರಿಕದ ಕೆಲವರಿಗಷ್ಟೇ ಸಿಕ್ಕಿರುವುದಕ್ಕೂ, ವೇದಿಕೆಯ ಮೇಲೆ ತೋರಿಸಿದ್ದಕ್ಕೂ, ಬರೀ ಆಸೆಗೂ ಇದೊಂದೇ ಕ್ರಿಯಾಪದ ಸಾಕಾಗಿಬಿಡುತ್ತದೆ.

ಇದು ವ್ಯಾಕರಣದ ಸಣ್ಣ ತೊಡಕು ಎಂದು ಬಿಡಬಹುದಿತ್ತು. ಇದರೊಳಗೆ ಒಂದು ನೈತಿಕ ಪ್ರಶ್ನೆಯಿದೆ ಎಂದು ನನಗನ್ನಿಸುತ್ತದೆ. ಯಾರೋ ಎಲ್ಲೋ ಆಡಿದ ಭರವಸೆಯ ಮಾತನ್ನು ನಮ್ಮ ಭಾಷೆಗೆ ಹೊತ್ತು ತರುವವನಿಗೆ ಆ ಭರವಸೆಯಲ್ಲಿ ಪಾಲು ಎಷ್ಟು? ‘ನಾನು ಸುದ್ದಿ ಹೇಳಿದೆ ಅಷ್ಟೆ, ಮಾತು ಅವರದ್ದು’ ಎಂದು ಅವನು ಕೈ ತೊಳೆದುಕೊಳ್ಳಬಹುದೇ?

ಘೋಷಣೆ ಎಂದರೇನೆಂದು ಪಾಂಡವಪುರ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಹಿಂದೆ ಇರ್ವಿನ್ ನಾಲೆ ಎನ್ನುತ್ತಿದ್ದದ್ದು, ಈ ತಾಲ್ಲೂಕಿನ ಗದ್ದೆಗಳಿಗೆ ನೀರು ಕೊಡುತ್ತದೆ. ನಾಲೆಗೆ ಎಂದಿನಿಂದ ನೀರು ಬಿಡಬೇಕು, ಎಷ್ಟು ದಿನ ಬಿಡಬೇಕು ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ನೀರು ಕಡಿಮೆಯಿದ್ದ ವರ್ಷ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ಕೊಡುತ್ತಾರೆ. ಆ ತೀರ್ಮಾನ ಹೊರಬಿದ್ದ ಮೇಲೆ ರೈತ ಸುಮ್ಮನೆ ಕೂರುವುದಿಲ್ಲ. ಭತ್ತದ ಒಟ್ಲು ಹಾಕುತ್ತಾನೆ, ಗೊಬ್ಬರಕ್ಕೆ ಸಾಲ ಎತ್ತುತ್ತಾನೆ, ನಾಟಿಗೆ ಆಳು ಗೊತ್ತು ಮಾಡುತ್ತಾನೆ. ನೀರು ಬರಲಿಲ್ಲವೆಂದರೆ ಒಟ್ಲು ಒಣಗುತ್ತದೆ, ಸಾಲ ಒಣಗುವುದಿಲ್ಲ.

ಘೋಷಣೆಯ ನೈತಿಕ ಭಾರ ಇರುವುದು ಇಲ್ಲಿ. ಕೇಳಿದವನು ಅದನ್ನು ನಂಬಿ ಏನೋ ಮಾಡುತ್ತಾನೆ. ಬಯಲಾಟದಲ್ಲಿ ರಾಜ ಆಡುವ ಮಾತನ್ನು ನಂಬಿ ಯಾರೂ ಒಟ್ಲು ಹಾಕುವುದಿಲ್ಲ. ನಾಲೆಯ ನೀರಿನ ಮಾತಿಗೆ ಹಾಕುತ್ತಾರೆ.

ಈ ಮಾತಿಗೆ ನಮ್ಮಲ್ಲಿ ಒಂದು ಅಳತೆಗೋಲೂ ಇದೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಇವತ್ತು ಎಷ್ಟು ಅಡಿ ಇದೆ, ಒಳಹರಿವೆಷ್ಟು, ಹೊರಹರಿವೆಷ್ಟು ಎಂದು ಪತ್ರಿಕೆಗಳು ದಿನವೂ ಅಚ್ಚು ಮಾಡುತ್ತವೆ. ಮಂಡ್ಯ ಜಿಲ್ಲೆಯಲ್ಲಿ ಪತ್ರಿಕೆ ಬಿಡಿಸಿದವರು ಮೊದಲು ನೋಡುವುದು ಅದನ್ನೇ. 2023ರಲ್ಲಿ ಕಟ್ಟೆ ತುಂಬಲಿಲ್ಲ. 2025ರಲ್ಲಿ ಜೂನ್ ಮುಗಿಯುವುದರೊಳಗೇ ತುಂಬಿತು. ಎರಡೂ ವರ್ಷ ಮಂತ್ರಿಗಳು, ಅಧಿಕಾರಿಗಳು ಏನು ಹೇಳಿದರು ಎನ್ನುವುದರ ಪಕ್ಕದಲ್ಲೇ ಅಡಿಯ ಲೆಕ್ಕವೂ ಇತ್ತು. ಹೇಳಿದ ಮಾತನ್ನು ಇರುವ ನೀರಿನ ಜೊತೆ ಹೋಲಿಸಿ ನೋಡಿ, ಎಷ್ಟು ಗದ್ದೆಗೆ ಧೈರ್ಯ ಮಾಡಬಹುದೆಂದು ಓದುಬರಹ ಕಡಿಮೆಯಿದ್ದ ರೈತನೂ ಲೆಕ್ಕ ಹಾಕಬಲ್ಲ.

ಇನ್ನು ತಂತ್ರಜ್ಞಾನದ ವೇದಿಕೆಗೆ ಬರೋಣ. 2009ರ ಮೇ ತಿಂಗಳ ಐ/ಓ ಸಮ್ಮೇಳನದಲ್ಲಿ ಗೂಗಲ್ ‘ವೇವ್’ ಎಂಬುದನ್ನು ತೋರಿಸಿತು. ಇಮೇಲನ್ನು ಇವತ್ತು ಹೊಸದಾಗಿ ಕಂಡುಹಿಡಿದರೆ ಹೇಗಿರುತ್ತದೋ ಹಾಗೆ ಎಂದು ಅದರ ಪರಿಚಯ. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಮರುವರ್ಷ ಆಗಸ್ಟ್‌ನಲ್ಲಿ, ಬಳಸುವವರು ನಿರೀಕ್ಷೆಯಷ್ಟು ಬರಲಿಲ್ಲವೆಂದು ಗೂಗಲ್ ಅದನ್ನು ಬೆಳೆಸುವುದನ್ನು ನಿಲ್ಲಿಸಿತು. 2024ರ ಜೂನ್ 10ರಂದು ಆಪಲ್ ಹೊಸ ‘ಸಿರಿ’ಯನ್ನು ತೋರಿಸಿತು. ‘ಅಮ್ಮನ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ’ ಎಂದು ಕೇಳಿದರೆ ಅದು ನಮ್ಮ ಮೇಲ್, ಮೆಸೇಜುಗಳನ್ನೆಲ್ಲ ಜಾಲಾಡಿ ಉತ್ತರ ಕೊಡುವಂತಿತ್ತು. 2025ರ ಮಾರ್ಚ್‌ನಲ್ಲಿ, ಅದಕ್ಕೆ ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂದು ಕಂಪನಿಯೇ ಹೇಳಬೇಕಾಯಿತು. ಎರಡರಲ್ಲೂ ಯಾರೋ ವಂಚಿಸಲು ಹೊರಟಿದ್ದರು ಎಂದು ನಾನು ಹೇಳುತ್ತಿಲ್ಲ. ಮಾಡುತ್ತೇವೆಂದು ನಂಬಿಯೇ ಹೇಳಿರಬಹುದು. ಆದರೆ ಕೇಳುವವರ ಕೈಯಲ್ಲಿ ಅಡಿಯ ಲೆಕ್ಕ ಇರಲಿಲ್ಲ. ಕಟ್ಟೆಯಲ್ಲಿ ಎಷ್ಟು ನೀರಿದೆ ಎಂದು ಗೊತ್ತಿದ್ದದ್ದು ಒಳಗಿನವರಿಗೆ ಮಾತ್ರ.

ಆಸ್ಟಿನ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಒಂದು ಸರಳವಾದ, ಆದರೆ ಬಹಳ ದೂರ ಹೋಗುವ ಮಾತು ಹೇಳಿದ. ಎಲ್ಲ ಮಾತೂ ವರದಿಯಲ್ಲ, ಕೆಲವು ಮಾತು ಆಡುವುದೇ ಒಂದು ಕೆಲಸ ಮಾಡಿದಂತೆ. ‘ಮಳೆ ಬರುತ್ತಿದೆ’ ಎಂಬುದು ನಿಜವೋ ಸುಳ್ಳೋ ಆಗಬಹುದು. ‘ನಿನ್ನ ಸಾಲ ತೀರಿಸುತ್ತೇನೆಂದು ಮಾತು ಕೊಡುತ್ತೇನೆ’ ಎಂಬುದು ಹಾಗಲ್ಲ, ಆ ಮಾತಾಡಿದ್ದೇ ಮಾತು ಕೊಟ್ಟದ್ದು. ಅದನ್ನು ಉಳಿಸಿಕೊಳ್ಳಬಹುದು, ತಪ್ಪಬಹುದು. ಸಮ್ಮೇಳನದ ಘೋಷಣೆ ಈ ಎರಡರ ನಡುವಿನ ಬದುವಿನ ಮೇಲೆ ನಿಲ್ಲುತ್ತದೆ. ‘ನೀವು ಹೇಳಿದ್ದು ನಿಜವೇ’ ಎಂದು ಕೇಳಿದರೆ ‘ಅದು ನಮ್ಮ ಮುನ್ನೋಟ’ ಎನ್ನಬಹುದು. ‘ಕೊಟ್ಟ ಮಾತು ಏನಾಯಿತು’ ಎಂದರೆ ‘ನಾವು ಮಾತು ಕೊಡಲಿಲ್ಲ, ನಮ್ಮ ಸಂಶೋಧನೆ ತೋರಿಸಿದೆವು’ ಎನ್ನಬಹುದು. ಎರಡೂ ಗದ್ದೆಯ ಫಸಲು ಬೇಕು, ಯಾವ ಗದ್ದೆಯ ಕಂದಾಯವೂ ಬೇಡ.

ಇಲ್ಲೊಂದು ಆಕ್ಷೇಪವನ್ನು ಕೇಳಲೇಬೇಕು. ಇವು ಡೆವಲಪರ್‌ಗಳ ಸಮ್ಮೇಳನಗಳು. ಅರ್ಧ ಬೆಂದದ್ದನ್ನು ತೋರಿಸುವುದೇ ಅವುಗಳ ಉದ್ದೇಶ. ಮುಂದೆ ಏನು ಬರಲಿದೆ ಎಂದು ಮೊದಲೇ ತಿಳಿದರೆ ತಾನೇ ತಂತ್ರಾಂಶ ಬರೆಯುವವರು ಸಿದ್ಧರಾಗುವುದು? ಅವರಿಗೆ ‘ಬೀಟಾ’ ಎಂದರೇನು, ‘ಪ್ರಿವ್ಯೂ’ ಎಂದರೇನು ಎಂದು ಗೊತ್ತು. ಗಾರೆ ಕೆಲಸದವರ ನಡುವೆ ನಕ್ಷೆ ಹಿಡಿದು ಮಾತಾಡಿದ ಹಾಗೆ ಅದು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ತೊಂದರೆ ಇರುವುದು ಸಭಾಂಗಣದಲ್ಲಲ್ಲ, ಸಭಾಂಗಣದ ಬಾಗಿಲಲ್ಲಿ. ಗಾರೆಯವರಿಗೆ ತೋರಿಸಿದ ನಕ್ಷೆಯನ್ನು ಯಾರೋ ಹೊರಗೆ ತಂದು, ‘ಮನೆ ಸಿದ್ಧವಾಗಿದೆ, ಸಾಮಾನು ಕಟ್ಟಿಕೊಳ್ಳಿ’ ಎಂದು ಬೀದಿಯಲ್ಲಿ ಸಾರುತ್ತಾರಲ್ಲ, ಆ ಬಾಗಿಲಲ್ಲಿ. ಅಲ್ಲಿ ನಿಂತಿರುವವರು ನನ್ನಂಥವರು. ಕಂಪನಿಗಳಿಗೂ ಅದು ಚೆನ್ನಾಗಿ ಗೊತ್ತು. ನಕ್ಷೆಯ ಸಭೆಯನ್ನು ಲೋಕವೆಲ್ಲ ನೋಡುವ ಹಾಗೆ ನೇರ ಪ್ರಸಾರ ಮಾಡುವುದು ಅದಕ್ಕೇ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಇದೇ ಕಂಪನಿಗಳು ಹೂಡಿಕೆದಾರರಿಗೆ ತಮ್ಮ ಲೆಕ್ಕಪತ್ರ ಒಪ್ಪಿಸುವಾಗ ಬೇರೊಂದು ವ್ಯಾಕರಣ ಬಳಸುತ್ತವೆ. ಭವಿಷ್ಯದ ಬಗ್ಗೆ ಹೇಳಿದ ಮಾತುಗಳೆಲ್ಲ ಅಂದಾಜುಗಳು, ಆಗುವುದು ಬೇರೆಯೇ ಇರಬಹುದು, ಇಂತಿಂಥ ಅಪಾಯಗಳಿವೆ ಎಂದು ಬಿಡಿಸಿ ಬರೆದಿರುತ್ತಾರೆ. ಅಮೆರಿಕದಲ್ಲಿ 1995ರಲ್ಲಿ ಬಂದ ಕಾನೂನೊಂದು, ಹೀಗೆ ಎಚ್ಚರಿಕೆ ಕೊಟ್ಟು ಆಡಿದ ಭವಿಷ್ಯದ ಮಾತಿಗೆ ದಾವೆಯಿಂದ ರಕ್ಷಣೆ ಕೊಡುತ್ತದೆ. ಅಂದರೆ ‘ಆಗುತ್ತದೆ’ ಮತ್ತು ‘ಆದೀತು’ ಇವುಗಳ ನಡುವಿನ ವ್ಯತ್ಯಾಸ ಅವರಿಗೆ ಗೊತ್ತಿಲ್ಲವೆಂದಲ್ಲ. ದುಡ್ಡು ಹಾಕಿದವನಿಗೆ ‘ಆದೀತು’, ಬಾಳನ್ನು ಹಾಕುವವನಿಗೆ ‘ಆಗುತ್ತದೆ’. ಷೇರು ಕೊಂಡವನಿಗೆ ಇರುವಷ್ಟು ಹಕ್ಕು, ಆ ಮಾತು ನಂಬಿ ಓದು, ಕೆಲಸ, ಸಾಲ ತೀರ್ಮಾನಿಸುವವನಿಗೆ ಯಾಕಿಲ್ಲ ಎಂಬುದು ನನ್ನ ಪ್ರಶ್ನೆ.

ಹೊತ್ತು ತರುವವನ ಹೊಣೆ ಎಷ್ಟು ದೊಡ್ಡದು ಎನ್ನುವುದಕ್ಕೆ ನಮ್ಮ ತಾಲ್ಲೂಕಿಗೇ ಹತ್ತಿರವಾದ ಉದಾಹರಣೆಯೊಂದಿದೆ. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಸಂಸ್ಕೃತ ವ್ಯಾಕರಣ ಮತ್ತು ಕಂಪ್ಯೂಟರ್‌ಗಳ ನಂಟಿನ ಬಗ್ಗೆ ವಿದ್ವಾಂಸರು ಶ್ರಮಪಟ್ಟು ಕೆಲಸ ಮಾಡಿದ್ದಾರೆ. ಆ ಕಾಲಕ್ಕೆ ಈ ವಿಷಯಕ್ಕೆ ಲೋಕದ ಗಮನ ಸೆಳೆದದ್ದು ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ಪ್ರಕಟಿಸಿದ ಒಂದು ಲೇಖನ. ವಾಕ್ಯದ ಅರ್ಥವನ್ನು ಬಿಡಿಸಿ ಹೇಳುವ ನಮ್ಮ ವೈಯಾಕರಣರ ಕ್ರಮಕ್ಕೂ, ಕೃತಕ ಬುದ್ಧಿಮತ್ತೆಯವರು ಆಗ ಅರ್ಥವನ್ನು ಜಾಲದಂತೆ ಹೆಣೆಯುತ್ತಿದ್ದ ಕ್ರಮಕ್ಕೂ ಹೋಲಿಕೆಯಿದೆ ಎಂಬುದು ಅದರ ತಿರುಳು. ಮರುವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಇದೇ ವಿಷಯಕ್ಕೆ ಒಂದು ಸಮ್ಮೇಳನವೂ ನಡೆಯಿತು. ಒಬ್ಬ ಸಂಶೋಧಕ ಒಂದು ಹೋಲಿಕೆ ಮುಂದಿಟ್ಟ, ಅಷ್ಟೆ. ಬಾಯಿಂದ ಬಾಯಿಗೆ ಬರುತ್ತ ಅದು ‘ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠವೆಂದು ನಾಸಾ ಘೋಷಿಸಿದೆ’ ಎಂದಾಯಿತು. ನಾಲ್ಕು ದಶಕ ಕಳೆದರೂ ಈಗಲೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಲೇಖನ ಬರೆದವರು ಸುಳ್ಳು ಹೇಳಲಿಲ್ಲ. ಹೊತ್ತು ತಂದವರಲ್ಲಿ ಪ್ರತಿಯೊಬ್ಬರೂ ಒಂದೊಂದು ‘ಬಹುದು’ವನ್ನು ದಾರಿಯಲ್ಲಿ ಇಳಿಸಿ ಬಂದರು. ಇದರಿಂದ ನಷ್ಟವಾದದ್ದು ಮೇಲುಕೋಟೆಯಲ್ಲಿ ಕೂತು ಕೆಲಸ ಮಾಡಿದವರಿಗೇ. ಅವರು ನಿಜಕ್ಕೂ ಏನು ಮಾಡಿದರೆಂದು ವಿಚಾರಿಸುವವರು ಕಡಿಮೆ, ಆಗದೇ ಇದ್ದ ಘೋಷಣೆಗೆ ಎದೆಯುಬ್ಬಿಸುವವರು ಹೆಚ್ಚು.

ಹೀಗೆ ಇಳಿಸಿ ಬರುವ ಅಗತ್ಯ ಕನ್ನಡದವನಿಗಂತೂ ಇಲ್ಲ. ‘ಮಾಡುತ್ತದೆ’ ಎಂಬುದು ಎರಡು ಕಾಲಕ್ಕೂ ಸಲ್ಲುವ ರೂಪವೆಂದು ಆಗಲೇ ಹೇಳಿದೆ. ಆದರೆ ಅದೊಂದೇ ನಮ್ಮಲ್ಲಿರುವುದಲ್ಲ. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಕಲಿತದ್ದು ನೆನಪಿರಬಹುದು: ಬಂದೀತು, ಆದೀತು, ತಂದಾನು. ಆಗಬಹುದು, ಆಗದೆಯೂ ಇರಬಹುದು ಎಂಬ ಭಾವ ಒಂದೇ ಪದದಲ್ಲಿದೆ. ತೀರ್ಮಾನವಾಗಿದೆ, ಇನ್ನೂ ಬಂದಿಲ್ಲ ಎನ್ನುವುದಕ್ಕೆ ‘ಬರಲಿದೆ’ ಇದೆ. ಎಲ್ಲಕ್ಕಿಂತ ದೊಡ್ಡ ಆಸ್ತಿ ‘ಅಂತೆ’. ಬರುತ್ತದಂತೆ, ಮಾಡುತ್ತದಂತೆ. ನಾನು ಕಂಡದ್ದಲ್ಲ, ಕೇಳಿದ್ದು ಎಂದು ಎರಡೇ ಅಕ್ಷರದಲ್ಲಿ ಹೇಳಿ ಮುಗಿಸಬಹುದು. ‘ಅಂತೆಕಂತೆ’ ಎಂದು ನಾವು ಅದನ್ನು ಹೀಗಳೆಯುತ್ತೇವೆ, ಗಾಳಿಸುದ್ದಿಗೆ ಆ ಹೆಸರಿಟ್ಟಿದ್ದೇವೆ. ನನ್ನ ಮಟ್ಟಿಗೆ ಗಾಳಿಸುದ್ದಿ ಹುಟ್ಟುವುದು ‘ಅಂತೆ’ ಇರುವಲ್ಲಲ್ಲ, ಅದು ಉದುರಿಹೋದಲ್ಲಿ.

ಇದು ಪದಗಳ ಮಡಿವಂತಿಕೆಯಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು 2025ರಲ್ಲಿ. ಆ ವರ್ಷ ಮೇ 19ರಂದು ಮೈಕ್ರೋಸಾಫ್ಟ್, ಮರುದಿನ ಗೂಗಲ್, ತಾನೇ ಕೋಡ್ ಬರೆದು ತಿದ್ದುವ ಸಹಾಯಕಗಳನ್ನು ತಮ್ಮ ತಮ್ಮ ಸಮ್ಮೇಳನಗಳಲ್ಲಿ ಘೋಷಿಸಿದ್ದವು. ಸಿಇಟಿ ಫಲಿತಾಂಶ ಬಂದಿದ್ದ ದಿನಗಳು. ನಮ್ಮ ಬೀದಿಯ ಹಿರಿಯರೊಬ್ಬರು, ಎರಡೆಕರೆ ಗದ್ದೆಯವರು, ಸಂಜೆ ಮನೆಗೆ ಬಂದರು.

“ಮೇಷ್ಟ್ರೆ, ಕಂಪ್ಯೂಟ್ರೇ ಕೋಡು ಬರ್ಕತದೆ ಅಂತ ಟೀವೀಲಿ ಹೇಳ್ತಾವ್ರೆ. ಅಂಗಾದ್ರೆ ಮಗೀಗೆ ಕಂಪ್ಯೂಟರ್ ಸೈನ್ಸು ಕೊಡಿಸದೋ ಬ್ಯಾಡ್ವೋ? ರ‍್ಯಾಂಕು ಅಷ್ಟು ಚೆನ್ನಾಗಿ ಬಂದಿಲ್ಲ. ಮ್ಯಾನೇಜ್‌ಮೆಂಟ್ ಸೀಟಾದ್ರೆ ಗದ್ದೆ ಮೇಲೆ ಸಾಲ ತೆಗೀಬೇಕು.”

ಒಂದು ರಾತ್ರಿಯ ಭಾಷಣ ಹೀಗೆ ಎರಡೆಕರೆ ಗದ್ದೆಯ ಬದುವಿಗೆ ಬಂದು ನಿಂತಿತ್ತು. ಅವರು ನನ್ನಿಂದ ಕೇಳಲು ಬಂದದ್ದು ತಂತ್ರಜ್ಞಾನದ ವಿವರವನ್ನಲ್ಲ, ಆ ವಾಕ್ಯದ ಕ್ರಿಯಾಪದ ಯಾವುದು ಎಂಬುದನ್ನು. ನಾನು ಬಿಡಿಸಿ ಹೇಳಿದೆ. “ಅಣ್ಣಾ, ಸಣ್ಣಪುಟ್ಟ ಪ್ರೋಗ್ರಾಂ ಬರೆಯುತ್ತದೆ, ಅದನ್ನು ನಾನೇ ಲ್ಯಾಬಿನಲ್ಲಿ ಮಾಡಿಸಿ ನೋಡಿದ್ದೇನೆ. ದೊಡ್ಡ ಕೆಲಸ ಪೂರ್ತಿ ಬರೆದೀತು, ಆದರೆ ಸರಿಯಾಗಿದೆಯೇ ಎಂದು ನೋಡುವವರು ಇನ್ನೂ ಬೇಕು. ಎಲ್ಲರ ಕೆಲಸವೂ ಹೋಗುತ್ತದಂತೆ ಎನ್ನುತ್ತಾರಲ್ಲ, ಅದು ಅಂತೆ. ಎಲ್ಲರಿಗೂ ಕೆಲಸ ಸಿಗುತ್ತದೆ ಅನ್ನುವ ಕಾಲೇಜಿನವರ ಮಾತೂ ಅಂತೆಯೇ. ಮಗಳು ಓದಿ ಹೊರಗೆ ಬರುವುದು ನಾಲ್ಕು ವರ್ಷಕ್ಕೆ. ಅಷ್ಟು ದೂರ ಕಂಡವರು ಯಾರೂ ಇಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದುಕ್ಕೂ ಕಟ್ಟೇಲಿ ಎಷ್ಟು ಅಡಿ ನೀರದೆ ಅಂತ ಪೇಪರ್ನಲ್ಲಿ ಬರಂಗಿದ್ರೆ ಚೆನ್ನಾಗಿತ್ತು” ಎಂದರು. ಆಮೇಲೆ ತಾವೇ, “ಬಂದೀತು ಅನ್ನೋ ನೀರ್ಗೆ ಎಲ್ಲಾ ಗದ್ದೆಗೂ ಒಟ್ಲು ಹಾಕ್ಬಾರ್ದು ಬುಡಿ” ಎಂದು ಎದ್ದರು. ಸರ್ಕಾರಿ ಸೀಟು ಸಿಕ್ಕಿದ ಕಡೆ ಓದಲಿ, ಸಾಲ ಬೇಡ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿದರೆಂದು ಆಮೇಲೆ ತಿಳಿಯಿತು. ಮಗಳಿಗೆ ಎಲೆಕ್ಟ್ರಿಕಲ್ ಸಿಕ್ಕಿತು. ಅದು ಒಳ್ಳೆಯ ತೀರ್ಮಾನವೋ ಅಲ್ಲವೋ ಹೇಳಲು ಇದು ಹೊತ್ತಲ್ಲ. ಆದರೆ ಅದು ಅವರ ತೀರ್ಮಾನ. ತಪ್ಪು ಕ್ರಿಯಾಪದ ಕೊಟ್ಟು ಇನ್ಯಾರೋ ಅವರ ಕೈಯಿಂದ ಮಾಡಿಸಿದ್ದಲ್ಲ. ಭರವಸೆಯನ್ನು ಹೊತ್ತು ತರುವವನ ಪಾಲು ಇಷ್ಟೇ ಎಂದು ನನಗನ್ನಿಸುತ್ತದೆ. ಮಾತು ನಡೆಯುವಂತೆ ಮಾಡುವುದು ಅವನ ಕೈಯಲ್ಲಿಲ್ಲ. ಆ ಮಾತಿನ ಮೇಲೆ ಎಷ್ಟು ತೂಕ ಹೇರಬಹುದೆಂದು ಕೇಳುವವನಿಗೆ ಗೊತ್ತಾಗುವಂತೆ ಇಳಿಸುವುದು ಅವನ ಕೈಯಲ್ಲೇ ಇದೆ.

ಇಷ್ಟೆಲ್ಲ ಎಚ್ಚರ ಹೇಳಿದರೆ ಉತ್ಸಾಹವೇ ಬತ್ತಿಹೋಗುವುದಿಲ್ಲವೇ ಎಂದು ಕೆಲವು ಕಿರಿಯ ಗೆಳೆಯರು ಕೇಳುತ್ತಾರೆ. ಕನ್ನಡದ ಓದುಗರಿಗೆ ಎಲ್ಲವೂ ತಡವಾಗಿ ಬರುತ್ತದೆ, ಕನಸನ್ನಾದರೂ ಹೊತ್ತಿಗೆ ಸರಿಯಾಗಿ ಕೊಡಬೇಡವೇ ಎಂಬುದು ಅವರ ವಾದ. ಕನಸಿಗೆ ನನ್ನ ತಕರಾರಿಲ್ಲ. ಕನ್ನಂಬಾಡಿ ಕಟ್ಟೆಯೂ 1911ರಲ್ಲಿ ಕೆಲಸ ಶುರುವಾದಾಗ ಅರ್ಧ ಕನಸೇ. ಆದರೆ ಚೆನ್ನಾಗಿ ಮಾಡಿದ ಘೋಷಣೆ ಹೇಗಿರುತ್ತದೆ ಎಂದು ಕನ್ನಡದವರಾಗಿ ನಾವು ಕಂಡಿದ್ದೇವೆ. 2011ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದ ಸೇವೆಗೆ ಕನ್ನಡವನ್ನು ಇನ್ನೂ ನಾಲ್ಕು ಭಾರತೀಯ ಭಾಷೆಗಳ ಜೊತೆ ಸೇರಿಸಿದಾಗ ಅದನ್ನು ‘ಆಲ್ಫಾ’ ಎಂದೇ ಕರೆಯಿತು. ಅನುವಾದ ಅಷ್ಟು ಸರಾಗವಾಗಿರುವುದಿಲ್ಲ ಎಂದೂ ಮೊದಲೇ ಹೇಳಿತು. ನಾವು ಅದರ ವಾಕ್ಯಗಳನ್ನು ನೋಡಿ ನಕ್ಕೆವು, ಆದರೆ ಮೋಸ ಹೋದೆವು ಎಂದು ಯಾರಿಗೂ ಅನ್ನಿಸಲಿಲ್ಲ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಸೇರಿ ‘ವಾಣಿ’ ಎಂಬ ಯೋಜನೆಯನ್ನು ಪ್ರಕಟಿಸಿದವು. ದೇಶದ 773 ಜಿಲ್ಲೆಗಳ ಜನ ಆಡುವ ಮಾತನ್ನು ಧ್ವನಿಮುದ್ರಿಸಿ ಕೂಡಿಹಾಕುವುದು ಅದರ ಗುರಿ. ಸಂಗ್ರಹವಾದದ್ದನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡುತ್ತ ಹೋಗುತ್ತಾರೆ. ಹೇಳಿದ್ದೆಷ್ಟು, ಆದದ್ದೆಷ್ಟು ಎಂದು ಹೊರಗಿನವರೇ ಅಳೆದು ನೋಡಬಹುದು. ಅಡಿಯ ಲೆಕ್ಕ ಎಂದರೆ ಇದೇ. ಅದು ಉತ್ಸಾಹವನ್ನು ಕೊಲ್ಲುವುದಿಲ್ಲ, ಒಟ್ಲು ಎಷ್ಟು ಹಾಕಬೇಕೆಂದು ಹೇಳುತ್ತದೆ.

ಹಾಗಾಗಿ ಸಮ್ಮೇಳನದ ರಾತ್ರಿ ಬರೆಯಲು ಕೂತಾಗ ನಾನು ಸುದ್ದಿಯನ್ನು ಮೂರು ರಾಶಿ ಮಾಡಿಕೊಳ್ಳುತ್ತೇನೆ. ನಮ್ಮ ಕೈಗೆ ಸಿಕ್ಕಿ, ಮುಟ್ಟಿ ನೋಡಿದ್ದಕ್ಕೆ ‘ಮಾಡುತ್ತದೆ’. ತೋರಿಸಿದ್ದಾರೆ, ಇನ್ನೂ ನಮ್ಮವರೆಗೆ ಬಂದಿಲ್ಲ ಎನ್ನುವುದಕ್ಕೆ ‘ಬರಲಿದೆ’ ಅಥವಾ ‘ಬಂದೀತು’. ಯಾರು ಹೇಳಿದರು, ಹೇಳಿದವರಿಗೆ ಅದರಿಂದ ಏನು ಲಾಭ ಎನ್ನುವುದರ ಮೇಲೇ ನಿಂತ ಮಾತಿಗೆ ‘ಅಂತೆ’. ಹೀಗೆ ಬರೆದ ಲೇಖನದ ತಲೆಬರಹ ಸಪ್ಪೆಯಾಗಿರುತ್ತದೆ, ಹಂಚಿಕೊಳ್ಳುವವರೂ ಕಡಿಮೆ. ಮೂರನೆಯ ರಾಶಿಯೇ ಯಾವಾಗಲೂ ದೊಡ್ಡದು. ಅದನ್ನು ಬರೆಯುವಾಗ ಪ್ರತಿ ವಾಕ್ಯದ ಕೊನೆಗೂ ‘ಅಂತೆ’ ಬರುತ್ತ ಹೋಗಿ ಓದುವುದಕ್ಕೆ ಕಿರಿಕಿರಿಯಾಗುತ್ತದೆ. ಆದರೂ ಅದನ್ನು ಒಂದೊಂದಾಗಿ ಅಳಿಸಿ ಚೊಕ್ಕ ಮಾಡುವುದಿಲ್ಲ.